ಮುಚ್ಚಿದ ಬಾಗಿಲಿನಾಚೆಗೂ ಕೇಳಬೇಕು: ಹೊಗೆ ಅಲಾರಂ ವೈರಿಂಗ್, ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಮನೆ ವೈರಿಂಗ್ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಗೆ ಅಲಾರಂ ಕುರಿತವು. ಬರೀ ಬ್ಯಾಟರಿಯ ಮೇಲೆ ನಡೆಯುವ ಅಲಾರಂ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. 230 ವೋಲ್ಟ್ ಲೈನಿಗೆ ನೇರ ಜೋಡಿಸುವ, ಒಳಗೆ ಬ್ಯಾಕಪ್ ಬ್ಯಾಟರಿ ಇರುವ, ಒಂದು ಕೂಗಿದರೆ ಮನೆಯಲ್ಲಿರುವ ಎಲ್ಲವೂ ಕೂಗುವ ಬಗೆಯ ಅಲಾರಂಗೆ ಮಾತ್ರ ಈ ಉತ್ತರಗಳು. ಕೆಳಗಿನ ಹಾಲ್‌ನಲ್ಲಿ ಚಾರ್ಜಿಗೆ ಹಾಕಿದ ಬ್ಯಾಟರಿ ರಾತ್ರಿ ಎರಡು ಗಂಟೆಗೆ ಹೊತ್ತಿಕೊಂಡರೆ, ಮಹಡಿಯಲ್ಲಿ ಬಾಗಿಲು ಹಾಕಿ ಫ್ಯಾನ್ ತಿರುಗಿಸಿ ಮಲಗಿದವರಿಗೆ ಹಾಲ್‌ನ ಅಲಾರಂ ಒಂದೇ ಸಾಕಾಗುವುದಿಲ್ಲ. ಅವರ ತಲೆಯ ಮೇಲಿರುವುದೂ ಕೂಗಬೇಕು.

ಕೆಳಗೆ ಒಂದು, ಮೇಲೆ ಎರಡು ಬೆಡ್‌ರೂಂ ಇರುವ ಮನೆ ಕಟ್ಟಿಸುತ್ತಿದ್ದೇವೆ. ಮುಂದಿನ ವಾರ ಕೆಳಗಿನ ಮೋಲ್ಡ್ ಹಾಕುತ್ತಾರೆ. ಅಲಾರಂಗೆ ಈಗಲೇ ಪೈಪ್ ಬಿಡಬೇಕೇ? ಎಷ್ಟು ಬೇಕು, ಎಲ್ಲೆಲ್ಲಿ?
— ಓದುಗರು, ಶಿವಮೊಗ್ಗ

ಈಗಲೇ ಬಿಡಿಸಿ. ಕಾಂಕ್ರೀಟ್ ಬಿದ್ದ ಮೇಲೆ ಸೀಲಿಂಗಿನಲ್ಲಿ ಗ್ರೂವ್ ಹೊಡೆಯಲು ಹೋದರೆ ಕಂಬಿ ಹೊರಬೀಳುತ್ತದೆ. ಕೊನೆಗೆ ಗೋಡೆಯ ಮೇಲೆ ಪಟ್ಟಿ ಎಳೆದು, ಅಲಾರಂ ಸಿಕ್ಕ ಮೂಲೆಯಲ್ಲಿ ಕೂರುತ್ತದೆ.

ನಿಮ್ಮ ಮನೆಗೆ ಆರು ಸಾಕು. ಕೆಳಗಿನ ಹಾಲ್, ಕೆಳಗಿನ ಬೆಡ್‌ರೂಂ, ಮೇಲಿನ ಎರಡು ಬೆಡ್‌ರೂಂ, ಮೆಟ್ಟಿಲು ಹತ್ತಿ ನಿಲ್ಲುವ ಜಾಗದ ಸೀಲಿಂಗ್, ಈ ಐದು ಕಡೆ ಹೊಗೆ ಅಲಾರಂ. ಅಡುಗೆಮನೆಗೆ ಶಾಖದ ಅಲಾರಂ. ಶಾಖದ ಅಲಾರಂ ಎಂದರೆ ಹೊಗೆಗಲ್ಲ, ಬಿಸಿಗೆ ಕೂಗುವುದು. ಈ ಆರರಲ್ಲಿ ಮೆಟ್ಟಿಲ ಮೇಲಿನದನ್ನು ಯಾವ ಕಾರಣಕ್ಕೂ ಬಿಡಬೇಡಿ. ಕೆಳಗಿನ ಹೊಗೆ ಮೇಲೇರುವ ದಾರಿಯೇ ಅದು.

ಜಾಗ ಗುರುತಿಸುವಾಗ ಟೇಪ್ ಹಿಡಿದು ಅಳೆಯಿರಿ. ಗೋಡೆಯಿಂದಲೂ ಲೈಟಿನಿಂದಲೂ ಕನಿಷ್ಠ 30 ಸೆಂ.ಮೀ. ದೂರ ಇರಬೇಕು, ಏಕೆಂದರೆ ಗೋಡೆ ಮತ್ತು ಸೀಲಿಂಗ್ ಕೂಡುವ ಮೂಲೆಗೆ ಹೊಗೆ ತಡವಾಗಿ ತಲುಪುತ್ತದೆ. ಫ್ಯಾನ್ ರೆಕ್ಕೆಯ ತುದಿಯಿಂದ ಒಂದು ಮೀಟರ್, ಬಚ್ಚಲುಮನೆ ಬಾಗಿಲಿನಿಂದ ಒಂದು ಮೀಟರ್, ಒಲೆಯಿಂದ ಮೂರು ಮೀಟರ್. ಎ.ಸಿ. ಗಾಳಿ ನೇರ ಬಡಿಯುವಲ್ಲಿ ಬೇಡ. ನಮ್ಮ ಕೋಣೆಗಳಲ್ಲಿ ನಡುಮಧ್ಯವನ್ನು ಫ್ಯಾನ್ ಹಿಡಿದುಕೊಂಡಿರುತ್ತದೆ. ಹಾಗಾಗಿ ಫ್ಯಾನ್ ಮತ್ತು ಬಾಗಿಲಿನ ನಡುವೆ ಜಾಗ ಹುಡುಕಿ. ಫ್ಯಾನ್ ಬಾಕ್ಸಿಗೇ ಅಲಾರಂ ವೈರ್ ತುರುಕಲು ಬಿಡಬೇಡಿ, ಪ್ರತಿಯೊಂದಕ್ಕೂ ಬೇರೆ ಜಂಕ್ಷನ್ ಬಾಕ್ಸ್ ಬೇಕು.

ಪೈಪ್ 25 ಮಿ.ಮೀ. ಇರಲಿ. 20 ಮಿ.ಮೀ. ಕೂಡ ಸಾಲುತ್ತದೆ, ಆದರೆ ಎರಡು ಬೆಂಡ್ ದಾಟಿ ನಾಲ್ಕು ವೈರ್ ಎಳೆಯುವವನ ಕೈ ಸೋಲುತ್ತದೆ, ಇನ್ಸುಲೇಷನ್ ಕೆರೆಯುತ್ತದೆ. ಕೆಳಗಿನ ಮೋಲ್ಡ್‌ನಿಂದ ಮೆಟ್ಟಿಲ ಗೋಡೆಯೊಳಗೆ ಒಂದು ಪೈಪ್ ಮೇಲಕ್ಕೆ ಬಿಟ್ಟು ಬಾಯಿ ಮುಚ್ಚಿಸಿ. ಮೇಲಿನ ಮಹಡಿಯ ಸಾಲಿಗೆ ಅದೇ ಕೊಂಡಿ.

ವೈರ್ 1.5 ಚದರ ಮಿ.ಮೀ. ತಾಮ್ರ. ಫೇಸ್‌ಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ತ್‌ಗೆ ಹಸಿರು. ಒಂದರಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಸಿಗ್ನಲ್ ವೈರ್‌ಗೆ ಬಿಳಿ ಅಥವಾ ಬೂದು ಬಣ್ಣ ಕೊಳ್ಳಿ. ಹಳದಿ, ನೀಲಿ ಬೇಡ. ನಮ್ಮಲ್ಲಿ ಅವು ತ್ರೀ ಫೇಸ್‌ನ ಬಣ್ಣಗಳು, ನಾಳೆ ಬರುವ ಎಲೆಕ್ಟ್ರಿಷಿಯನ್ ಫೇಸ್ ಎಂದೇ ತಿಳಿಯುತ್ತಾನೆ. ಹಸಿರನ್ನಂತೂ ಸಿಗ್ನಲ್‌ಗೆ ಬಳಸಲೇಬಾರದು. ಪ್ಲಾಸ್ಟಿಕ್ ಅಲಾರಂಗೆ ಸಾಮಾನ್ಯವಾಗಿ ಅರ್ತ್ ಬೇಕಿಲ್ಲ, ಆದರೂ ಹಸಿರು ವೈರನ್ನು ಎಲ್ಲ ಬಾಕ್ಸ್‌ಗೂ ಎಳೆದು ಕನೆಕ್ಟರ್‌ನಲ್ಲಿ ಮುಗಿಸಿಡಿ. ಇಷ್ಟು ಮನೆಗೆ ಪ್ರತಿ ಬಣ್ಣದ ಒಂದೊಂದು 90 ಮೀಟರ್ ಕಾಯಿಲ್ ಧಾರಾಳ.

ಸಪ್ಲೈ ಎಲ್ಲಿಂದ? ಡಿ.ಬಿ.ಯಿಂದ (ಮನೆಯ ಸರ್ಕ್ಯೂಟುಗಳೆಲ್ಲ ಹೊರಡುವ ಪೆಟ್ಟಿಗೆ) ಪ್ರತ್ಯೇಕ 6 ಆಂಪ್ ಎಂ.ಸಿ.ಬಿ. (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಕೊಡಬಹುದು, ಹಾಲ್‌ನ ಲೈಟ್ ಸರ್ಕ್ಯೂಟಿನಿಂದಲೂ ತೆಗೆಯಬಹುದು. ನಮ್ಮ ಒಲವು ಎರಡನೆಯದಕ್ಕೆ. ಪ್ರತ್ಯೇಕ ಎಂ.ಸಿ.ಬಿ. ಬಿದ್ದರೆ ತಿಂಗಳಾದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಲ್‌ನ ಲೈಟ್ ಹತ್ತಲಿಲ್ಲ ಎಂದರೆ ಅದೇ ಸಂಜೆ ಮನೆಯವರೆಲ್ಲ ಡಿ.ಬಿ. ಮುಂದೆ ನಿಂತಿರುತ್ತಾರೆ. ಆದರೆ ಫೇಸನ್ನು ಸ್ವಿಚ್‌ಗಿಂತ ಮೊದಲೇ ತೆಗೆಯಬೇಕು. ಸ್ವಿಚ್ ಆದಮೇಲೆ ತೆಗೆದರೆ ಲೈಟ್ ಆರಿಸಿದ ಕೂಡಲೇ ಅಲಾರಂ ಬ್ಯಾಟರಿಗೆ ಬೀಳುತ್ತದೆ. ದಿನಾ ರಾತ್ರಿ ಹೀಗಾಗಿ, ಬ್ಯಾಟರಿ ಬೇಗ ಸಾಯುತ್ತದೆ.

ವೈರ್ ಎಳೆದು ಮುಗಿದಿದೆ. ಈ ಭಾನುವಾರ ಎಲೆಕ್ಟ್ರಿಷಿಯನ್ ಬಂದು ಅಲಾರಂ ಕೂರಿಸುತ್ತಾರೆ. ಪಕ್ಕದಲ್ಲಿ ನಿಂತು ನಾನು ಏನೇನು ನೋಡಬೇಕು?
— ಓದುಗರು, ತುಮಕೂರು

ಮೊದಲು, ಬರುವವರ ಬಳಿ ವೈರ್‌ಮನ್ ಪರ್ಮಿಟ್ ಇದೆಯೇ, ಅಥವಾ ಲೈಸೆನ್ಸ್ ಇರುವ ಗುತ್ತಿಗೆದಾರರ ಕಡೆಯವರೇ ಎಂದು ಕೇಳಿ. ಕರ್ನಾಟಕದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೇಳಿದ್ದಕ್ಕೆ ಒಳ್ಳೆಯ ಕೆಲಸಗಾರರು ಬೇಸರಪಡುವುದಿಲ್ಲ.

ಮೇನ್ ಆಫ್ ಆದಮೇಲೆ ಹ್ಯಾಂಡಲ್ ಮೇಲೆ ಟೇಪ್ ಸುತ್ತಿ, 'ಕೆಲಸ ನಡೆಯುತ್ತಿದೆ' ಎಂದು ಚೀಟಿ ಅಂಟಿಸಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ, ಔಟ್‌ಪುಟ್ ಕಳಚಿಸಿ. ಮೇನ್ ಆಫ್ ಮಾಡಿದ ಮನೆಯಲ್ಲಿ ಯುಪಿಎಸ್ ಲೈನಿನಿಂದ ಶಾಕ್ ಹೊಡೆಸಿಕೊಳ್ಳುವುದು ನಮ್ಮ ಕಡೆಯ ಮಾಮೂಲಿ ಅಪಾಯ. ಆಮೇಲೆ ಮೀಟರ್. ಟೆಸ್ಟರ್ ಸ್ಕ್ರೂಡ್ರೈವರಿನ ದೀಪ ಹತ್ತಲಿಲ್ಲ ಎಂದ ಮಾತ್ರಕ್ಕೆ ವೈರ್ ಸತ್ತಿದೆ ಎಂದುಕೊಳ್ಳಬಾರದು. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು 230 ತೋರಿಸುವುದನ್ನು ನೋಡಿ, ಆಮೇಲೆ ಕೆಲಸದ ಬಾಕ್ಸ್‌ನಲ್ಲಿ ಸೊನ್ನೆ ನೋಡಿ, ಮತ್ತೆ ಕರೆಂಟ್ ಇರುವ ಕಡೆ ಹಿಡಿದು ಮೀಟರ್ ನಡುವೆ ಕೆಟ್ಟಿಲ್ಲ ಎಂದು ಖಾತರಿ ಮಾಡಿಕೊಳ್ಳಬೇಕು.

ಅಲಾರಂ ಕೂರಿಸುವ ಮುನ್ನ ಬರಿ ವೈರ್‌ಗಳಿಗೆ ಒಮ್ಮೆ ಕರೆಂಟ್ ಕೊಟ್ಟು, ಮೀಟರಿನ ಕಡ್ಡಿ ಮಾತ್ರ ಮುಟ್ಟಿಸಿ ನೋಡಲಿ. ಕೆಂಪು-ಕಪ್ಪು ನಡುವೆ 230 ಆಸುಪಾಸು, ಕೆಂಪು-ಹಸಿರು ನಡುವೆಯೂ ಅಷ್ಟೇ, ಕಪ್ಪು-ಹಸಿರು ನಡುವೆ ಹೆಚ್ಚುಕಡಿಮೆ ಸೊನ್ನೆ. ಬಣ್ಣ ಸರಿಯಿದ್ದು ಮೀಟರ್ ಬೇರೆ ಹೇಳಿದರೆ ಮೀಟರ್ ಮಾತೇ ಕೊನೆ. ಕಾಯಿಲ್ ಮುಗಿದಾಗ ಕೈಗೆ ಸಿಕ್ಕ ಬಣ್ಣ ಜೋಡಿಸಿ ಒಳಗೇ ಗಂಟು ಹಾಕಿರುವುದುಂಟು.

ಈಗ ಮತ್ತೆ ಆಫ್ ಮಾಡಿ ಜೋಡಣೆ. ಅಲಾರಂ ತಳದಲ್ಲಿ ಮೂರು ಟರ್ಮಿನಲ್ ಇರುತ್ತವೆ: ಎಲ್ (ಫೇಸ್), ಎನ್ (ನ್ಯೂಟ್ರಲ್), ಮೂರನೆಯದು ಸಿಗ್ನಲ್. ವೈರ್ ತುದಿ ಏಳೆಂಟು ಮಿ.ಮೀ. ಮಾತ್ರ ಸುಲಿಯಬೇಕು. ಸ್ಕ್ರೂ ಬಿಗಿದ ಮೇಲೆ ತಾಮ್ರ ಹೊರಗೆ ಕಾಣಬಾರದು, ಎಳೆದರೆ ಜಾರಬಾರದು. ಎಲ್ಲ ಅಲಾರಂಗಳ ಎಲ್‌ಗೆ ಒಂದೇ ಕೆಂಪು, ಎನ್‌ಗೆ ಒಂದೇ ಕಪ್ಪು, ಸಿಗ್ನಲ್‌ಗೆ ಒಂದೇ ಬಿಳಿ. ಐದು ಸರಿಯಾಗಿ ಜೋಡಿಸಿ ಆರನೆಯದರಲ್ಲಿ ಎಲ್, ಎನ್ ಅದಲುಬದಲು ಮಾಡಿದರೆ ಕೆಡುವುದು ಆರನೆಯದು ಮಾತ್ರವಲ್ಲ. ಸಿಗ್ನಲ್ ತನ್ನ ಲೆಕ್ಕವನ್ನು ನ್ಯೂಟ್ರಲ್‌ನಿಂದ ಹಿಡಿಯುತ್ತದೆ; ಒಂದು ಕಡೆ ಫೇಸ್ ಆ ಜಾಗಕ್ಕೆ ಬಂದರೆ ಇಡೀ ಸಾಲಿಗೇ ಪೆಟ್ಟು ಬೀಳಬಹುದು. ಸಿಗ್ನಲ್ ವೈರ್‌ನಲ್ಲಿ ಸಣ್ಣ ವೋಲ್ಟೇಜ್ ತಾನೇ ಎಂದು ಟೆಲಿಫೋನ್ ವೈರ್ ಹಾಕುವವರೂ ಇದ್ದಾರೆ. ಅದು 230ರ ಜತೆ ಒಂದೇ ಪೈಪಿನಲ್ಲಿ ಓಡುವುದರಿಂದ ಅದಕ್ಕೂ ಅಷ್ಟೇ ಗಟ್ಟಿ ಇನ್ಸುಲೇಷನ್ ಬೇಕು.

ಅನೇಕರು ಮರೆಯುವ ಒಂದು ಸಣ್ಣ ಕೆಲಸವಿದೆ. ಬಾಕ್ಸ್‌ಗೆ ಬರುವ ಪೈಪಿನ ಬಾಯನ್ನು ಪುಟ್ಟಿ ಅಥವಾ ಸಿಲಿಕಾನ್ ಹಾಕಿ ಮುಚ್ಚಿಸಿ. ಮೇಲಿನ ತಾರಸಿಯಿಂದ ಪೈಪಿನೊಳಗೆ ಸಣ್ಣಗೆ ಗಾಳಿ ಇಳಿಯುತ್ತದೆ. ಅಂಗೈ ಹಿಡಿದರೆ ತಣ್ಣಗೆ ಗೊತ್ತಾಗುತ್ತದೆ. ಆ ಗಾಳಿ ಅಲಾರಂ ಬೆನ್ನಿನಿಂದ ಒಳನುಗ್ಗಿ, ಕೆಳಗಿನಿಂದ ಬರುವ ಹೊಗೆಯನ್ನು ಹೊರಗೆ ತಳ್ಳುತ್ತದೆ, ಸಿಮೆಂಟ್ ಧೂಳನ್ನೂ ತರುತ್ತದೆ.

ಕರೆಂಟ್ ಕೊಟ್ಟ ಮೇಲೆ ಎಲ್ಲದರ ಹಸಿರು ದೀಪ ಹತ್ತಬೇಕು. ಒಂದೊಂದರ ಟೆಸ್ಟ್ ಬಟನ್ನನ್ನೂ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಪ್ರತಿಸಲ ಆರೂ ಕೂಗಬೇಕು. ಒಂದನ್ನು ಒತ್ತಿ ಆರು ಕೂಗಿದ್ದಕ್ಕೆ ಮುಗಿಸಿ ಹೋಗಲು ಬಿಡಬೇಡಿ; ಉಳಿದ ಐದು ಸುದ್ದಿ ಕೇಳುತ್ತವೆ ಎಂದಾಯಿತೇ ಹೊರತು ಕಳಿಸುತ್ತವೆ ಎಂದಾಗಲಿಲ್ಲ. ಆಮೇಲೆ ಎಂ.ಸಿ.ಬಿ. ಇಳಿಸಿ, ಬ್ಯಾಟರಿಯ ಮೇಲೆ ಇದನ್ನೇ ಮತ್ತೊಮ್ಮೆ ಮಾಡಿ. ಹೊಗೆಯ ಪರೀಕ್ಷೆಗೆ ಅದಕ್ಕೆಂದೇ ಸಿಗುವ ಸ್ಪ್ರೇ ಬಳಸಿ. ಊದುಬತ್ತಿ ಹಿಡಿಯಬೇಡಿ, ಅದರ ಜಿಡ್ಡು ಒಳಗೆ ಕೂತು ಸೆನ್ಸರ್ ಮಂಕಾಗುತ್ತದೆ.

ಬಣ್ಣ ಬಳಿಯುವುದು ಬಾಕಿಯಿದ್ದರೆ ಅಲಾರಂ ತಲೆಯನ್ನು ಈಗ ಕೂರಿಸಬೇಡಿ. ಗೋಡೆ ಉಜ್ಜುವ ಪುಟ್ಟಿ ಧೂಳು ಒಂದೇ ದಿನದಲ್ಲಿ ಹೊಸ ಸೆನ್ಸರನ್ನು ಹಾಳುಮಾಡುತ್ತದೆ.

ಮಗ ಅಮೆರಿಕದಿಂದ ನಾಲ್ಕು ಅಲಾರಂ ತಂದಿದ್ದಾನೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಹಾಕಬಹುದೇ?
— ಓದುಗರು, ಮೈಸೂರು

ಹಾಕಬೇಡಿ. ಅವು 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದವು. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಇಟ್ಟರೆ ವರ್ಷವಿಡೀ ಬಿಸಿಯಾಗಿ ನಿಂತಿರುವ ಇನ್ನೊಂದು ಪೆಟ್ಟಿಗೆ ಮನೆಗೆ ಬಂದಂತೆ. ಬೆಂಕಿ ಎಚ್ಚರಿಸುವ ಸಾಧನ ಅದರ ಮೇಲೆ ನಿಂತಿರಬಾರದು.

ಇನ್ನೂ ದೊಡ್ಡ ಅಪಾಯ ಬಣ್ಣದ್ದು. ಅಲ್ಲಿ ಕಪ್ಪು ವೈರ್ ಫೇಸ್, ಬಿಳಿ ನ್ಯೂಟ್ರಲ್. ನಮ್ಮಲ್ಲಿ ಕಪ್ಪೇ ನ್ಯೂಟ್ರಲ್. ಅಲ್ಲಿನ ಮನೆಗಳಲ್ಲಿ ಅಲಾರಂನಿಂದ ಅಲಾರಂಗೆ ಹೋಗುವ ಸಿಗ್ನಲ್ ವೈರ್ ಸಾಮಾನ್ಯವಾಗಿ ಕೆಂಪು. ಇಲ್ಲಿ ಎಲೆಕ್ಟ್ರಿಷಿಯನ್ ಕೆಂಪು ಕಂಡ ತಕ್ಷಣ ಫೇಸ್ ಕೊಡುತ್ತಾನೆ, ಅದು ಅವನ ತಪ್ಪೂ ಅಲ್ಲ. ಬ್ರಿಟನ್ನಿನಿಂದ ತಂದವು ವೋಲ್ಟೇಜ್‌ನಲ್ಲಿ ನಮಗೆ ಹೊಂದುತ್ತವೆ, ಆದರೆ ಅಲ್ಲಿ ಈಗ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ನೀಲಿ ಒಂದು ಫೇಸ್. ಹಾಗಾಗಿ ತಂದಿದ್ದು ಎಲ್ಲಿಯದೇ ಇರಲಿ, ಬಣ್ಣ ಬಿಟ್ಟು ಟರ್ಮಿನಲ್ ಮೇಲಿನ ಅಕ್ಷರ ಓದಿ.

ಬೆನ್ನಿನ ಮೇಲೆ ಅಮೆರಿಸಿಯಂ-241 ಎಂದು ಬರೆದಿದ್ದರೆ ಅದು ಅಯೋನೈಸೇಷನ್ ಬಗೆ, ಒಳಗೆ ಚಿಟಿಕೆಗಿಂತ ಕಡಿಮೆ ವಿಕಿರಣ ವಸ್ತು ಇರುತ್ತದೆ. ಬಿಚ್ಚಬೇಡಿ, ಸುಡಬೇಡಿ. ಮನೆಗೆ ಬೆಳಕಿನ ಸೆನ್ಸರಿನ ಬಗೆ, ಅಂದರೆ ಫೋಟೋಎಲೆಕ್ಟ್ರಿಕ್ ಒಳ್ಳೆಯದು. ಹಾಸಿಗೆ, ಸೋಫಾ ಒಳಗೊಳಗೇ ಕನಲಿ ಹೊಗೆಯಾಡುವುದನ್ನು ಅದು ಬೇಗ ಹಿಡಿಯುತ್ತದೆ, ಒಗ್ಗರಣೆಗೆ ಸುಮ್ಮಸುಮ್ಮನೆ ಕೂಗುವುದೂ ಕಡಿಮೆ.

ಅಲಾರಂ ಹಾಕಿಸಿದ ದಿನದಿಂದ ಗೀಸರ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತಿದೆ. ಅಲಾರಂ ಕೆಟ್ಟಿದೆಯೇ? ಯುಪಿಎಸ್ ಲೈನಿಗೆ ಹಾಕಿಸಿದರೆ ಸರಿಹೋಗುತ್ತದೆಯೇ?
— ಓದುಗರು, ಕಲಬುರಗಿ

ಅಲಾರಂ ಕೆಟ್ಟಿರಲಿಕ್ಕಿಲ್ಲ. ಅದು ಎಳೆಯುವುದು ಕೆಲವೇ ಮಿಲಿ ಆಂಪ್, ಮನೆಯ ಆರ್‌ಸಿಸಿಬಿ (ಹೋದ ಕರೆಂಟನ್ನೂ ವಾಪಸಾದ ಕರೆಂಟನ್ನೂ ಹೋಲಿಸುವ ಸುರಕ್ಷತಾ ಸ್ವಿಚ್) ಬೀಳುವುದು 30 ಮಿಲಿ ಆಂಪ್ ವ್ಯತ್ಯಾಸಕ್ಕೆ. ಅನುಮಾನ ಪಡಬೇಕಾದ್ದು ಕಪ್ಪು ವೈರ್ ಮೇಲೆ. ನಿಮ್ಮದು ತ್ರೀ ಫೇಸ್ ಮನೆಯಾಗಿದ್ದು, ಪ್ರತಿ ಫೇಸ್‌ಗೂ ಬೇರೆ ಆರ್‌ಸಿಸಿಬಿ ಇದ್ದರೆ, ಕೆಳಗಿನ ಅಲಾರಂಗೆ ಕೆಳಗಿನ ನ್ಯೂಟ್ರಲ್, ಮೇಲಿನದಕ್ಕೆ ಹತ್ತಿರ ಸಿಕ್ಕ ಮೇಲಿನ ನ್ಯೂಟ್ರಲ್ ಕೊಟ್ಟು, ಸಾಲಿನ ಕಪ್ಪು ವೈರ್ ಎರಡನ್ನೂ ಗಂಟು ಹಾಕಿದೆ. ಗೀಸರಿಗೆ ಒಂದು ಆರ್‌ಸಿಸಿಬಿಯಿಂದ ಹೋದ ಕರೆಂಟಿನ ಒಂದು ಪಾಲು ಅಲಾರಂ ಸಾಲಿನ ಮೂಲಕ ಇನ್ನೊಂದಕ್ಕೆ ವಾಪಸಾಗುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದೆ ಆರ್‌ಸಿಸಿಬಿ ಬೀಳುತ್ತದೆ. ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ.

ಪತ್ತೆ ಹೀಗೆ. ಮೇನ್, ಯುಪಿಎಸ್ ಎರಡೂ ಆಫ್. ಎಲ್ಲ ಪ್ಲಗ್ ತೆಗೆದು, ಡಿ.ಬಿ.ಯಲ್ಲಿ ಎರಡೂ ಆರ್‌ಸಿಸಿಬಿಗಳ ಕೆಳಗಿನ ನ್ಯೂಟ್ರಲ್‌ಗಳನ್ನು ಕಳಚಿ, ಅವುಗಳ ನಡುವೆ ಮೀಟರಿನಲ್ಲಿ ಕಂಟಿನ್ಯುಯಿಟಿ ನೋಡಿಸಿ. ಬೀಪ್ ಎಂದರೆ ಎಲ್ಲೋ ಎರಡೂ ಕೂಡಿವೆ. ಅಲಾರಂ ಸಾಲನ್ನು ಒಂದೊಂದೇ ಬಾಕ್ಸ್‌ನಲ್ಲಿ ಬಿಚ್ಚುತ್ತ ಬಂದರೆ ಗಂಟು ಸಿಗುತ್ತದೆ. ಮನೆಗೆ ಎಷ್ಟೇ ಫೇಸ್ ಇರಲಿ, ಅಲಾರಂ ಸಾಲಿಗೆಲ್ಲ ಒಂದೇ ಎಂ.ಸಿ.ಬಿ.ಯ ಫೇಸ್, ಅದರದೇ ನ್ಯೂಟ್ರಲ್.

ಯುಪಿಎಸ್ ಲೈನಿಗೆ ಹಾಕುವುದಾದರೆ ಪ್ಯೂರ್ ಸೈನ್ ವೇವ್ ಯುಪಿಎಸ್ ಆಗಿದ್ದರೆ ಮಾತ್ರ. ಸ್ಕ್ವೇರ್ ವೇವ್ ಕೊಡುವ ಹಳೆಯ ಬಗೆಯ ಮೇಲೆ ಅಲಾರಂನ ಒಳಗಿನ ಸಪ್ಲೈ ಬಿಸಿಯಾಗುತ್ತದೆ, ಸುಳ್ಳು ಕೂಗೂ ಬರುತ್ತದೆ. ಕಂಪನಿಯ ಕೈಪಿಡಿಗಳೇ ಬೇಡವೆನ್ನುತ್ತವೆ. ಕರೆಂಟ್ ಹೋಗುವುದು ಹೆಚ್ಚಾದ ಊರಿನಲ್ಲಿ ಒಂದೊಂದಾಗಿ ಬದಲಿಸುವ 9 ವೋಲ್ಟ್ ಬ್ಯಾಟರಿಯದಕ್ಕಿಂತ, ತಾನೇ ಚಾರ್ಜ್ ಆಗುವ ಲಿಥಿಯಂ ಬ್ಯಾಕಪ್ ಇರುವುದನ್ನು ಕೊಳ್ಳಿ. ಆಗ ಯುಪಿಎಸ್ ಚಿಂತೆಯೇ ಇಲ್ಲ.

ಎಸ್.ಪಿ. ರೋಡಿನಲ್ಲಿ ಕೊಂಡ ಡಿಟೆಕ್ಟರ್ ಜೋಡಿಸಿದ ಕ್ಷಣದಲ್ಲೇ ಸುಟ್ಟುಹೋಯಿತು. ನಮ್ಮ ಅಪಾರ್ಟ್‌ಮೆಂಟಿನ ಸೀಲಿಂಗಿನಲ್ಲೂ ಅಂಥದ್ದೇ ಇದೆ.
— ಓದುಗರು, ಬೆಂಗಳೂರು

ನೀವು ಕೊಂಡದ್ದು ಪ್ಯಾನಲ್, ಅಂದರೆ ಇಡೀ ಕಟ್ಟಡದ ಬೆಂಕಿ ಎಚ್ಚರಿಕೆಯ ನಿಯಂತ್ರಣ ಪೆಟ್ಟಿಗೆಯ ಮೇಲೆ ನಡೆಯುವ 24 ವೋಲ್ಟ್ ಡಿ.ಸಿ. ಡಿಟೆಕ್ಟರ್. ಮನೆಯ 230 ತಾಗಿದರೆ ಸುಡದೆ ಉಳಿಯುವುದಿಲ್ಲ. ಅದರಲ್ಲಿ ಕೂಗುವ ಹಾರ್ನ್ ಕೂಡ ಇರುವುದಿಲ್ಲ. ಅದು ಪ್ಯಾನಲ್‌ಗೆ ಸುದ್ದಿ ಕೊಡುತ್ತದೆ, ಕೂಗುವುದು ಕಾರಿಡಾರಿನ ಹೂಟರ್. ಅಂಗಡಿಯಲ್ಲಿ 'ಸ್ಮೋಕ್ ಡಿಟೆಕ್ಟರ್' ಎಂದಷ್ಟೇ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಇದೇ. '230 ವೋಲ್ಟ್ ಎ.ಸಿ., ಒಳಗೇ ಹಾರ್ನ್ ಮತ್ತು ಬ್ಯಾಟರಿ ಇರುವ, ಇಂಟರ್‌ಕನೆಕ್ಟ್ ಆಗುವ ಸ್ಮೋಕ್ ಅಲಾರಂ' ಎಂದು ಪೂರ್ತಿ ಹೇಳಿ, ಬೆನ್ನಿನ ಚೀಟಿ ಓದಿಯೇ ದುಡ್ಡು ಕೊಡಿ. ಎಲ್ಲವೂ ಒಂದೇ ಕಂಪನಿಯ, ಒಂದೇ ಸರಣಿಯವಾಗಿರಲಿ. ಬೇರೆ ಬೇರೆ ಕಂಪನಿಯವುಗಳ ಸಿಗ್ನಲ್ ಪರಸ್ಪರ ತಿಳಿಯುವುದಿಲ್ಲ.

ಸೀಲಿಂಗಿನಲ್ಲಿರುವ ಅಪಾರ್ಟ್‌ಮೆಂಟಿನ ಡಿಟೆಕ್ಟರನ್ನು ಮುಟ್ಟಬೇಡಿ. ಇಂಟೀರಿಯರ್ ಕೆಲಸದವರು ಅದನ್ನು ಕಳಚಿ ಬದಿಗಿಟ್ಟರೆ, ಅಥವಾ ಫಾಲ್ಸ್ ಸೀಲಿಂಗ್ ಮೇಲೆ ಮುಚ್ಚಿಬಿಟ್ಟರೆ, ನಿಮ್ಮ ಮನೆ ಆ ವ್ಯವಸ್ಥೆಯಿಂದ ಹೊರಗೆ. ಅದರ ಮೇಲೆ ಬಣ್ಣವೂ ಬೀಳಬಾರದು. ಕೆಲಸ ಮುಗಿದ ದಿನ ಧೂಳಿನ ಪ್ಲಾಸ್ಟಿಕ್ ಮುಚ್ಚಳ ತೆಗೆದಿದ್ದಾರೆಯೇ ಎಂದು ಏಣಿ ಹತ್ತಿ ನೀವೇ ನೋಡಿ.

ನಮ್ಮದು ಹಂಚಿನ ಮನೆ. ಬಚ್ಚಲೊಲೆಗೆ ಸೌದೆ ಹಾಕುತ್ತೇವೆ. ಅಲಾರಂ ಪ್ರಯೋಜನವಿದೆಯೇ?
— ಓದುಗರು, ಶಿರಸಿ

ಇದೆ, ಜಾಗ ಬೇರೆ. ಹಂಚಿನ ಸಂದಿಯಲ್ಲಿ ಹೊಗೆ ಹೊರಟುಹೋಗುವುದರಿಂದ, ಮರದ ಮುಚ್ಚಿಗೆ ಇರುವ ಮಲಗುವ ಕೋಣೆಗಳಲ್ಲಿ ಮುಚ್ಚಿಗೆಯ ಕೆಳಗೆ ಹಾಕಿ. ಮುಚ್ಚಿಗೆ ಇಲ್ಲದೆ ಇಳಿಜಾರಿಗೇ ಹಾಕಬೇಕಾದರೆ ನೆತ್ತಿಯ ಹತ್ತಿರ ಇರಲಿ, ಆದರೆ ತೀರಾ ತುದಿಯ ಹತ್ತು ಸೆಂ.ಮೀ. ಬಿಡಿ, ಅಲ್ಲಿ ಗಾಳಿ ಆಡುವುದಿಲ್ಲ. ಬಚ್ಚಲು, ಅಡುಗೆಮನೆಗೆ ಶಾಖದ ಅಲಾರಂ. ಮರದ ಮೇಲೆ ವೈರ್ ಬರಿದಾಗಿ ಓಡಬಾರದು. ಇಲಿ ಕಡಿದಲ್ಲೇ ಬೆಂಕಿ ಶುರುವಾಗುತ್ತದೆ. ಪೂರ್ತಿ ಪೈಪಿನಲ್ಲಿ ತನ್ನಿ.

ಒಣಮೆಣಸಿನ ಒಗ್ಗರಣೆ, ದೋಸೆ ಕಾವಲಿ, ದೇವರಮನೆಯ ಧೂಪ, ಎಲ್ಲಕ್ಕೂ ಕೂಗಿದರೆ ಏನು ಮಾಡುವುದು? ಗ್ಯಾಸ್ ಸೋರಿದರೂ ಇದು ಹೇಳುತ್ತದೆಯೇ?
— ಓದುಗರು, ಹುಬ್ಬಳ್ಳಿ

ಶಾಖದ ಅಲಾರಂ ಹೊಗೆಗೆ ಕೂಗುವುದಿಲ್ಲ. ಸೆನ್ಸರಿನ ಬಳಿ ಗಾಳಿ ಸುಮಾರು 58 ಡಿಗ್ರಿ ಮುಟ್ಟಿದಾಗ ಕೂಗುತ್ತದೆ. ಹಾಗಾಗಿ ಅಡುಗೆಮನೆಗೆ ಅದು. ಧೂಪ ಹಾಕುವ ದೇವರಮನೆಯೊಳಗೆ ಯಾವುದೂ ಬೇಡ, ಹೊರಗಿನ ಹಾಲ್‌ನ ಅಲಾರಂ ಬಾಗಿಲಿನಿಂದ ಎರಡು ಮೂರು ಮೀಟರ್ ದೂರವಿರಲಿ. ಕೂಗಿದಾಗ ಹಷ್ ಬಟನ್ ಒತ್ತಿದರೆ ಕೆಲವು ನಿಮಿಷ ಸುಮ್ಮನಾಗಿ ಮತ್ತೆ ತಾನೇ ಎಚ್ಚರಗೊಳ್ಳುತ್ತದೆ. ಬ್ಯಾಟರಿ ಕಿತ್ತು ಎಂ.ಸಿ.ಬಿ. ಇಳಿಸುವ ಚಾಳಿ ಮಾತ್ರ ಬೇಡ, ಮತ್ತೆ ಹಾಕುವ ನೆನಪು ಯಾರಿಗೂ ಬರುವುದಿಲ್ಲ.

ಗ್ಯಾಸ್ ಸೋರಿಕೆ ಇದಕ್ಕೆ ತಿಳಿಯುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಹರಡುತ್ತದೆ. ಅದರ ಡಿಟೆಕ್ಟರ್ ನೆಲದಿಂದ 30 ಸೆಂ.ಮೀ. ಒಳಗಿರಬೇಕು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ, ಹೊಗೆ ಅಲಾರಂ ಅದನ್ನೂ ಕಾಣದು. ಅಂಥ ಗೀಸರನ್ನು ಬಚ್ಚಲಿನ ಹೊರಗೆ, ಬಯಲಿಗೆ ಹಾಕಿಸಿ. ದಯವಿಟ್ಟು ಇದನ್ನು ಮುಂದೂಡಬೇಡಿ.

ನಡುರಾತ್ರಿ ನಿಮಿಷಕ್ಕೊಮ್ಮೆ 'ಚಿಕ್' ಎನ್ನುತ್ತದೆ. ಮಳೆಗಾಲದಲ್ಲಿ ಕಾರಣವಿಲ್ಲದೆ ಕೂಗುತ್ತದೆ.
— ಓದುಗರು, ಮಂಗಳೂರು

'ಚಿಕ್' ಎಂದರೆ ಬ್ಯಾಟರಿ ಮುಗಿಯುತ್ತಿದೆ. ತಂಪಿಗೆ ವೋಲ್ಟೇಜ್ ಇಳಿಯುವುದರಿಂದ ರಾತ್ರಿಯೇ ಶುರುವಾಗುತ್ತದೆ. ಮಳೆಗಾಲದ ಕೂಗಿಗೆ ಕಾರಣ ತೇವ, ಇಲ್ಲವೇ ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಹುಳು. ಒಂದು ರೆಕ್ಕೆ ಸೆನ್ಸರಿನ ಕತ್ತಲೆ ಗೂಡಿನೊಳಗೆ ಸಿಕ್ಕರೂ ಅದು ಬೆಳಕನ್ನು ಚದುರಿಸುತ್ತದೆ, ಅಲಾರಂಗೆ ಅದು ಹೊಗೆಯಂತೆಯೇ ಕಾಣುತ್ತದೆ. ಕರೆಂಟ್ ತೆಗೆದು, ಮೆತ್ತನೆಯ ಬ್ರಷ್ ಮೂತಿಯ ವ್ಯಾಕ್ಯೂಮ್‌ನಿಂದ ಸುತ್ತಲ ಜಾಲರಿ ಎಳೆಯಿರಿ. ಒದ್ದೆ ಬಟ್ಟೆ, ಕೀಟನಾಶಕ ಸ್ಪ್ರೇ ಬೇಡ. ಬೆನ್ನಿನ ತಾರೀಖು ನೋಡಿ: ಹತ್ತು ವರ್ಷ ದಾಟಿದ್ದರೆ ಎಷ್ಟೇ ಚೆನ್ನಾಗಿ ಕೂಗಿದರೂ ಬದಲಿಸಿ. ಬಟನ್ ಒತ್ತಿದಾಗ ಹಾರ್ನ್ ಕೂಗುತ್ತದೆ ಎಂದ ಮಾತ್ರಕ್ಕೆ ಸೆನ್ಸರ್ ಚುರುಕಾಗಿದೆ ಎಂದಲ್ಲ.

ಕಿಟಕಿಗೆಲ್ಲ ಗ್ರಿಲ್, ಮುಂಬಾಗಿಲಿಗೆ ಕಬ್ಬಿಣದ ಗೇಟ್, ರಾತ್ರಿ ಬೀಗ. ಅಲಾರಂ ಕೂಗಿದರೆ ಹೊರಗೆ ಬರುವುದು ಹೇಗೆ? ಅತ್ತೆಯವರಿಗೆ ಕಿವಿ ಮಂದ.
— ಓದುಗರು, ದಾವಣಗೆರೆ

ಬೀಗದ ಕೈ ಬೀರುವಿನಲ್ಲೋ ದಿಂಬಿನ ಕೆಳಗೋ ಬೇಡ. ಗೇಟಿನ ಪಕ್ಕ ಒಳಗಡೆ, ಹೊರಗಿನ ಕೈಗೆ ಎಟುಕದ ಮೊಳೆಗೆ, ಮಕ್ಕಳ ಎತ್ತರದಲ್ಲಿ ತೂಗುಹಾಕಿ. ಹೊಗೆಯಲ್ಲಿ ಕಣ್ಣು ಬಿಡಲಾಗದು, ಕತ್ತಲಲ್ಲಿ ಕೈಯಿಂದಲೇ ಹುಡುಕಿ ತೆಗೆಯುವುದನ್ನು ಮನೆಯವರೆಲ್ಲ ಒಮ್ಮೆ ಮಾಡಿ ನೋಡಿ. ಮಲಗುವ ಕೋಣೆಯೊಂದರ ಕಿಟಕಿಗಾದರೂ ಒಳಗಿನಿಂದ ತೆರೆಯುವ ಕೀಲಿನ ಗ್ರಿಲ್ ಮಾಡಿಸಿ. ಕೂಗು ಕೇಳಿದರೆ ಬಗ್ಗಿ ನಡೆದು ಹೊರಬಂದು, ಆಮೇಲೆ 101 ಅಥವಾ 112ಕ್ಕೆ ಫೋನ್.

ಅತ್ತೆಯವರ ಕೋಣೆಗೆ, ಇದೇ ಸಾಲಿಗೆ ಜೋಡಿಸಬಹುದಾದ ಮಿಂಚುದೀಪ ಮತ್ತು ಹಾಸಿಗೆಯ ಕೆಳಗಿಟ್ಟು ಅಲುಗಾಡಿಸುವ ಪ್ಯಾಡ್ ಸಿಗುತ್ತವೆ. ಅಲಾರಂ ಕೊಳ್ಳುವ ಮುನ್ನವೇ ಅದೇ ಕಂಪನಿಯಲ್ಲಿ ಇವು ಇವೆಯೇ ಎಂದು ಕೇಳಿಕೊಳ್ಳಿ. ಅಲ್ಲಿಯವರೆಗೆ ಅವರ ಪಕ್ಕದ ಕೋಣೆಯಲ್ಲಿ ಮಲಗುವವರು ಯಾರು, ಎಬ್ಬಿಸಿ ಕರೆತರುವವರು ಯಾರು ಎಂಬುದನ್ನು ಇವತ್ತೇ ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ.